ಐದು ದಿನ, ಎರಡು ಜಾಕೆಟ್, ಒಂದು ಬಚ್ಚಲೊಲೆ

ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿಂದು ಎದ್ದಾಗ ನಾನು ಕೂತಿದ್ದ ಬೆಂಚಿನ ಮೇಲೆ ಅಂಗೈಯಗಲದ ಎರಡು ಒದ್ದೆ ಗುರುತುಗಳಿದ್ದವು. ಪಕ್ಕದಲ್ಲಿ ಭಾವ ಕೂತಿದ್ದ ಜಾಗ ಒಣಗಿಯೇ ಇತ್ತು. ನನ್ನ ಮೈಮೇಲಿದ್ದ ಜಾಕೆಟ್ಟು ಪ್ಯಾಂಟುಗಳ ಬೆಲೆಯಲ್ಲಿ ಭಾವನ ಥರದ ರೈನ್‌ಕೋಟು ಹತ್ತು ಬರುತ್ತಿತ್ತು. ಅವನು ಬೆಂಚನ್ನು ನೋಡಿದ, ನನ್ನನ್ನು ನೋಡಿದ, ಏನೂ ಹೇಳದೆ ಇನ್ನೊಂದು ಕಾಫಿ ಹೇಳಿದ. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಮಳೆಗಾಲದಲ್ಲಿ ಗೇರ್, ಅಂದರೆ ಬೈಕ್ ಸವಾರರ ಉಡುಪು, ಪರೀಕ್ಷೆ ಮಾಡಬೇಕೆಂದೇ ಹೊರಟಿದ್ದ ಸವಾರಿ ಅದು. ಜುಲೈ ಎರಡನೇ ವಾರ, ಐದು ದಿನ, ಸುಮಾರು 1,150 ಕಿ.ಮೀ. ಮೊದಲ ದಿನ ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಎರಡನೇ ದಿನ ಕಳಸ, ಕುದುರೆಮುಖ ದಾಟಿ ಕಾರ್ಕಳಕ್ಕೆ ಇಳಿದು, ಹೆಬ್ರಿ ಮೇಲೆ ಆಗುಂಬೆ ಘಾಟಿ ಹತ್ತುವುದು. ಮೂರನೇ ದಿನ ತೀರ್ಥಹಳ್ಳಿ, ಹೊಸನಗರ, ನಗರ, ಹುಲಿಕಲ್ ಘಾಟಿ ಇಳಿದು ಕುಂದಾಪುರ. ನಾಲ್ಕನೇ ದಿನ ಹೆದ್ದಾರಿ 66ರಲ್ಲಿ ಹೊನ್ನಾವರದವರೆಗೆ ಹೋಗಿ, ಗೇರುಸೊಪ್ಪೆ ಹತ್ತಿ ಜೋಗ, ಸಾಗರ. ಕೊನೆಗೆ ಶಿವಮೊಗ್ಗ, ಅರಸೀಕೆರೆ, ತುಮಕೂರು ಹಿಡಿದು ಮನೆ. ಘಾಟಿಯ ಚಳಿ, ಕರಾವಳಿಯ ಸೆಕೆ, ಬಯಲುಸೀಮೆಯ ಒಣಗಾಳಿ ಮೂರೂ ಒಂದೇ ಸುತ್ತಿನಲ್ಲಿ ಸಿಗಲಿ ಎಂದು ಹಾಗೆ ದಾರಿ ಹಾಕಿದ್ದೆವು.

ನನ್ನ ಬೈಕು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಮೈಮೇಲೆ ದಪ್ಪ ಪಾಲಿಯೆಸ್ಟರಿನ ಟೂರಿಂಗ್ ಜಾಕೆಟ್, ಅದರೊಳಗೆ ಜಿಪ್ ಹಾಕಿ ಕೂರಿಸುವ ವಾಟರ್‌ಪ್ರೂಫ್ ಲೈನರ್. ಪ್ಯಾಂಟೂ ಅದೇ ಬಗೆಯದು. ವಾಟರ್‌ಪ್ರೂಫ್ ಎಂದು ಬರೆದ ಬೂಟು, ವಾಟರ್‌ಪ್ರೂಫ್ ಎಂದು ಬರೆದ ಗ್ಲೌಸು. ಭಾವನದು 150 ಸಿಸಿ ಪಲ್ಸರ್. ತೂತುತೂತಿನ ಮೆಶ್ ಜಾಕೆಟ್, ಸಾದಾ ಪ್ಯಾಂಟಿನ ಮೇಲೆ ಪಟ್ಟಿಯಿಂದ ಬಿಗಿಯುವ, ಮೊಣಕಾಲು ಕಾಯುವ ನೀ ಗಾರ್ಡ್, ಮಳೆ ಬಂದರೆ ಎಲ್ಲದರ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ರೈನ್‌ಕೋಟು. ಒಂದು ನೀರನ್ನು ಒಳಗೆ ತಡೆಯುವ ಪದ್ಧತಿ, ಇನ್ನೊಂದು ಹೊರಗೇ ತಡೆಯುವ ಪದ್ಧತಿ. ಹೊರಬಟ್ಟೆಗೇ ನೀರು ತಡೆಯುವ ಪೊರೆಯನ್ನು ಅಂಟಿಸಿದ ಮೂರನೆಯ ಜಾತಿಯೂ ಇದೆ. ಅದರ ಬೆಲೆ ಕೇಳಿ ಇಬ್ಬರೂ ಸುಮ್ಮನಾಗಿದ್ದೆವು.

ಅಳತೆಗೆ ಎರಡೇ ಸಾಧನ. ಒಂದು, ವಿಮಾನಕ್ಕೆ ಹೋಗುವವರು ಸೂಟ್‌ಕೇಸ್ ತೂಗುವ ಕೈತಕ್ಕಡಿ. ರಾತ್ರಿ ಬಿಚ್ಚಿದ ಕೂಡಲೇ ಒಮ್ಮೆ, ಬೆಳಿಗ್ಗೆ ತೊಡುವ ಮುಂಚೆ ಒಮ್ಮೆ ಜಾಕೆಟ್ಟು ತೂಗುವುದು. ಇನ್ನೊಂದು, ಟಿಶ್ಯೂ ಪೇಪರಿನ ಮಡಿಕೆಗಳು. ಭುಜ, ಮೊಣಕೈ, ಎದೆ, ತೊಡೆಸಂದು, ಮೊಣಕಾಲು ಎಲ್ಲ ಕಡೆಯೂ ಒಳಬದಿಗೆ ಒಂದೊಂದು. ಒದ್ದೆಯಾದದ್ದು ಎಲ್ಲಿ ಎಂದು ಮೈಗೆ ಸರಿಯಾಗಿ ಗೊತ್ತಾಗುವುದಿಲ್ಲ, ತಣ್ಣಗಾದದ್ದೆಲ್ಲ ಒದ್ದೆ ಅನ್ನಿಸುತ್ತದೆ. ಟಿಶ್ಯೂ ಸುಳ್ಳು ಹೇಳುವುದಿಲ್ಲ.

ಹೊರಡುವ ಮುಂಚೆ ಬಚ್ಚಲಿನ ಶವರ್ ಕೆಳಗೆ ಪೂರ್ತಿ ಗೇರ್ ತೊಟ್ಟು ಹತ್ತು ನಿಮಿಷ ನಿಂತಿದ್ದೆ. ಒಂದು ಹನಿ ಒಳಗೆ ಬರಲಿಲ್ಲ. ಮನೆಯವಳು ವಿಡಿಯೊ ಮಾಡಿದ್ದಳು, ಈಗಲೂ ಇದೆ. ಕೊಟ್ಟಿಗೆಹಾರದ ಬೆಂಚಿನ ಮುಂದೆ ನಿಂತಾಗ ಮೊದಲು ತಲೆಗೆ ಬಂದದ್ದೇ ಆ ವಿಡಿಯೊ. ಎಲ್ಲಿ ತಪ್ಪಿತು?

ಪ್ಯಾಂಟಿನ ಚೀಟಿಯಲ್ಲಿ 10,000 ಮಿ.ಮೀ. ಎಂದಿತ್ತು. ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಎಂದು ಅರ್ಥ. ಈಗ ರಸ್ತೆಯ ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದೆಗೆ ಬಡಿಯುವ ಗಾಳಿಯ ಒತ್ತಡ ಸುಮಾರು 300 ಪ್ಯಾಸ್ಕಲ್, ಬರೀ 30 ಮಿ.ಮೀ. ನೀರಿನ ಕಂಬದಷ್ಟು. ಎದೆಯ ಕಡೆ ಹೆದರುವಂಥದ್ದು ಏನೂ ಇಲ್ಲ. ಆದರೆ 70 ಕಿಲೋ ಮನುಷ್ಯ ಒಂದು ಚದರ ಅಡಿ ಜಾಗದ ಮೇಲೆ ಭಾರ ಬಿಟ್ಟು ಕೂತರೆ ಸರಾಸರಿ 750 ಮಿ.ಮೀ.ನಷ್ಟು ಒತ್ತಡ, ಕೂರುವ ಮೂಳೆಗಳ ಕೆಳಗೆ ಅದರ ಹಲವು ಪಟ್ಟು. ಜೊತೆಗೆ ಸೀಟಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ, ಗುಂಡಿ ಬಂದಾಗಲೆಲ್ಲ ನಾವು ಅದರ ಮೇಲೆ ಕುಟ್ಟುತ್ತಿರುತ್ತೇವೆ. ಇಷ್ಟಾದರೂ 10,000ಕ್ಕೆ ಇದು ದೂರವೇ. ಬಟ್ಟೆ ಸೋರಲಿಲ್ಲ ಕೂಡ. ಸೋರಿದ್ದು ನಾಲ್ಕು ಹೊಲಿಗೆಗಳು ಬಂದು ಸೇರುವ ತೊಡೆಸಂದಿನ ಕೂಡುಬಿಂದು. ಅಲ್ಲಿ ಒಳಗಿನಿಂದ ಅಂಟಿಸಿದ್ದ ಟೇಪು ಒಂದು ಕಡೆ ಎದ್ದಿತ್ತು. ಎರಡು ವರ್ಷ ಬೀರುವಿನಲ್ಲಿ ಮಡಚಿಟ್ಟಿದ್ದ ಪ್ಯಾಂಟು. ಇಂಥ ಟೇಪುಗಳ ಪಾಲಿಯುರೆಥೇನ್ ತೇವದ ಗಾಳಿಯಲ್ಲಿ ತಾನಾಗಿ ಸಡಿಲಾಗುತ್ತಾ ಹೋಗುತ್ತದೆ. ಶವರ್ ಕೆಳಗೆ ನಾನು ನಿಂತಿದ್ದೆ, ಕೂತಿರಲಿಲ್ಲ. ಪರೀಕ್ಷೆ ಸುಳ್ಳಾದದ್ದು ಅಲ್ಲೇ.

ನಮ್ಮ ಕಡೆ ನಾಟಿಗೆ ಇಳಿಯುವವರ ಗೊರಬು ನೋಡಿದವರಿಗೆ ಈ ಮಾತು ಬೇಗ ತಲೆಗೆ ಹೋಗುತ್ತದೆ. ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿದ ಅದನ್ನು ನೆಟ್ಟಗೆ ನಿಂತವರ ಮೇಲೆ ಇಟ್ಟರೆ ತಮಾಷೆಯಾಗಿ ಕಾಣುತ್ತದೆ. ಬಗ್ಗಿ ಸಸಿ ಊರುವ ಬೆನ್ನಿಗೆ ಮಾತ್ರ ಅಳತೆ ಮಾಡಿ ಕೂರಿಸಿದ ಹಾಗಿರುತ್ತದೆ. ಮುಂಭಾಗ ಬಯಲು, ಗಾಳಿ ಸಲೀಸಾಗಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಮೈ ಯಾವ ಭಂಗಿಯಲ್ಲಿರುತ್ತದೆ ಎಂದು ನೋಡಿ ಮಾಡಿದ ಮಳೆ ಉಡುಪು ಅದು. ನನ್ನ ಜಾಕೆಟ್ಟನ್ನು ಹ್ಯಾಂಗರಿನ ಭಂಗಿ ನೋಡಿ ಮಾಡಿದ್ದರು.

ಎರಡನೇ ದಿನ ಕಳಸದಲ್ಲಿ ಭಾವ ಗಮ್‌ಬೂಟು ಕೊಂಡ. ಕಾಫಿ ತೋಟದವರು ಹಾಕುವಂಥದ್ದು, ಕಪ್ಪು, ಮೊಣಕಾಲಿನವರೆಗೆ. ನಾನು ನಕ್ಕೆ. ಪಾದದ ಗಂಟಿಗೆ ಅದರಲ್ಲಿ ರಕ್ಷಣೆ ಎಂಬುದೇ ಇಲ್ಲ, ಗೇರ್ ಲಿವರ್ ಕೆಳಗೆ ಮೂತಿ ತೂರಿಸುವುದೂ ಕಷ್ಟ. ಇವೆರಡೂ ನಿಜವೇ, ಈಗಲೂ ಅದನ್ನು ಯಾರಿಗೂ ಹಾಕಿಕೊಳ್ಳಿ ಎನ್ನಲಾರೆ. ಆದರೆ ನಗು ಯಾರದೆಂದು ರಾತ್ರಿ ತಿಳಿಯಿತು. ಅದಕ್ಕೂ ಮೊದಲು ಕುದುರೆಮುಖದ ಕಾಡಿನ ದಾರಿಯಲ್ಲಿ ನನ್ನ ಗ್ಲೌಸಿಗೆ ಆದದ್ದನ್ನು ಹೇಳದೆ ಬಿಡುವ ಹಾಗಿಲ್ಲ.

ಅಲ್ಲಿ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ನಡುವೆ ಎಲ್ಲೂ ನಿಲ್ಲಿಸುವಂತಿಲ್ಲ. ಚೀಟಿ ಇಸಿದುಕೊಳ್ಳಲು ಗ್ಲೌಸ್ ಬಿಚ್ಚಿದೆ. ಒದ್ದೆ ಕೈಗೆ ಅಂಟಿಕೊಂಡು ಒಳಗಿನ ಅಸ್ತರಿಯ ಬೆರಳುಗಳು ಹೊರಗೆ ಬಂದವು. ಮತ್ತೆ ಒಳಗೆ ಹೋಗಲಿಲ್ಲ. ಕಡ್ಡಿಯಿಂದ ತಳ್ಳಿದೆ, ಊದಿದೆ, ಊಹೂಂ. ವಾಟರ್‌ಪ್ರೂಫ್ ಗ್ಲೌಸಿನಲ್ಲಿ ಹೊರಚರ್ಮ, ಪೊರೆ, ಅಸ್ತರಿ ಮೂರೂ ಸಾಮಾನ್ಯವಾಗಿ ಒಂದಕ್ಕೊಂದು ಬೆರಳ ತುದಿಯಲ್ಲಿ ಮಾತ್ರ ಅಂಟಿರುತ್ತವೆ. ಆ ಅಂಟು ಬಿಟ್ಟರೆ ಮುಗಿಯಿತು. ಮುಂದಿನ ದಾರಿಯಷ್ಟೂ ಎರಡು ಬೆರಳು ಒಂದೇ ತೂತಿನಲ್ಲಿ ತುರುಕಿಕೊಂಡು, ಬ್ರೇಕ್ ಲಿವರ್ ಎಷ್ಟು ಒತ್ತಿದೆನೆಂದು ಸರಿಯಾಗಿ ತಿಳಿಯದೆ ಓಡಿಸಿದೆ. ಭಾವ ಬಟ್ಟೆಯ ಸಾದಾ ಗ್ಲೌಸಿನ ಒಳಗೆ ಆಸ್ಪತ್ರೆಯ ನೈಟ್ರೈಲ್ ಗ್ಲೌಸ್ ಹಾಕಿದ್ದ. ಕೈ ಬೆವರಿನಿಂದ ನೆಂದು ಮುದುಡಿತ್ತು, ಆದರೆ ಬೆಚ್ಚಗಿತ್ತು. ಹರಿದರೆ ಇನ್ನೊಂದು ಜೊತೆ.

ಅಂದು ಗ್ಲೌಸಿನದೇ ಇನ್ನೊಂದು ಪ್ರಯೋಗ ನಡೆದಿತ್ತು. ಎಡಗೈಯಲ್ಲಿ ಗ್ಲೌಸಿನ ಪಟ್ಟಿಯನ್ನು ಜಾಕೆಟ್ಟಿನ ತೋಳಿನ ಮೇಲೆ, ಬಲಗೈಯಲ್ಲಿ ತೋಳಿನ ಒಳಗೆ ಹಾಕಿದ್ದೆ. ಇದರ ಬಗ್ಗೆ ಸವಾರರಲ್ಲಿ ಎರಡು ಪಂಗಡವೇ ಇದೆ. ನೆಟ್ಟಗೆ ಕೂರುವ ಬೈಕಿನಲ್ಲಿ ಕೈ ಭುಜಕ್ಕಿಂತ ಕೆಳಗಿರುತ್ತದೆ, ನೀರು ತೋಳಿನಿಂದ ಮಣಿಕಟ್ಟಿಗೆ ಹರಿಯುತ್ತದೆ. ಪಟ್ಟಿ ಮೇಲಿದ್ದರೆ ಅದು ಆಲಿಕೆಯ ಹಾಗೆ ನೀರು ಹಿಡಿಯುತ್ತದೆ. ವೇಗ ಹೆಚ್ಚಿದರೆ ಗಾಳಿ ನೀರನ್ನು ಮಣಿಕಟ್ಟಿನಿಂದ ಮೊಣಕೈ ಕಡೆಗೆ ಒತ್ತುತ್ತದೆ. ಆಗ ಪಟ್ಟಿ ಒಳಗಿದ್ದರೆ ತೋಳಿನೊಳಗೆ ನೀರು. ಘಾಟಿಯ ಮೂವತ್ತು ನಲವತ್ತರ ವೇಗದಲ್ಲಿ ನನ್ನ ಬಲಗೈ ಗೆದ್ದಿತು. ನಾಲ್ಕನೇ ದಿನ ಹೆದ್ದಾರಿಯಲ್ಲಿ ಎಡಗೈ ಗೆದ್ದಿತು. ಎರಡೂ ಪಂಗಡದವರು ಸರಿ, ಅವರವರ ರಸ್ತೆಯಲ್ಲಿ.

ಹೆಬ್ರಿ ದಾಟಿದ ಮೇಲೆ ಮಳೆ ನಿಜವಾಗಿ ಶುರುವಾಯಿತು. ಆಗುಂಬೆಯ ಮಳೆಯ ಬಗ್ಗೆ ಹೊಸದಾಗಿ ಹೇಳುವುದಕ್ಕೇನಿದೆ? ವರ್ಷಕ್ಕೆ 7,000 ಮಿ.ಮೀ. ದಾಟುವ ಊರು. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ವೈಸರ್, ಅಂದರೆ ಹೆಲ್ಮೆಟ್ಟಿನ ಮುಂದಿನ ಗಾಜು, ಮುಚ್ಚಿದರೆ ಮಂಜು, ತೆರೆದರೆ ಕಣ್ಣಿಗೆ ನೀರು. ನನ್ನ ವೈಸರಿಗೆ ಪಿನ್‌ಲಾಕ್ ಇತ್ತು: ಒಳಗೆ ಇನ್ನೊಂದು ತೆಳು ಹಾಳೆ, ನಡುವೆ ಗಾಳಿ ಬಂಧಿ. ವೈಸರ್ ಮಂಜಾಗಲಿಲ್ಲ. ಆದರೆ ನಾನು ಕನ್ನಡಕದವನು, ಕನ್ನಡಕ ಮಂಜಾಯಿತು! ಗೇರ್ ತಯಾರಿಸುವವರ ಲೋಕದಲ್ಲಿ ಕನ್ನಡಕ ಹಾಕುವವರು ಬೈಕೇ ಓಡಿಸುವುದಿಲ್ಲವೇನೋ. ಭಾವ ಬೆಳಿಗ್ಗೆ ವೈಸರ್ ಒಳಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಸವರಿ ಒರೆಸಿಕೊಂಡಿದ್ದ. ಒಂದು ಗಂಟೆ ಚೆನ್ನಾಗಿತ್ತು, ಆಮೇಲೆ ಅವನೂ ನನ್ನ ಹಾಗೆಯೇ ಒಂದು ಬೆರಳಗಲ ವೈಸರ್ ಎತ್ತಿಕೊಂಡು ಹತ್ತಿದ.

ರಾತ್ರಿ ತಂಗಿದ್ದು ಆಗುಂಬೆ ಹತ್ತಿರದ ಒಂದು ತೋಟದ ಮನೆ. ಜಗುಲಿಯಲ್ಲಿ ಜಾಕೆಟ್ಟು ಬಿಚ್ಚಿ ತಕ್ಕಡಿಗೆ ಹಾಕಿದೆ. ಒಣಗಿದ್ದಾಗ 3 ಕಿಲೋ ಚಿಲ್ಲರೆ ಇದ್ದದ್ದು ನಾಲ್ಕೂವರೆಯ ಹತ್ತಿರ ಬಂದಿತ್ತು. ಮನೆಯ ಅಮ್ಮ ಅದನ್ನು ಮೊಳೆಗೆ ಸಿಕ್ಕಿಸಲು ಹೋಗಿ, "ಇದೆಂತ ಮಾರಾಯ್ರೆ, ಕೋಟೇ ಒಂದು ಕೊಡ ನೀರು ಕುಡಿದಿದೆಯಲ್ಲ" ಎಂದರು.

ಎದೆ, ಭುಜ, ಮೊಣಕೈಯ ಟಿಶ್ಯೂಗಳು ಮಾತ್ರ ಒಣಗಿದ್ದವು. ಲೈನರ್ ತನ್ನ ಕೆಲಸ ಮಾಡಿತ್ತು ಎಂದಾಯಿತು. ಕುತ್ತಿಗೆಯ ಹಿಂದೆ ಒಂದು ಗೆರೆಯಂತೆ ಒದ್ದೆ, ಬೆನ್ನ ನಡುವಿನವರೆಗೆ ಇಳಿದಿತ್ತು. ಅದು ಬಫ್‌ನ ಕೆಲಸ. ಕುತ್ತಿಗೆಗೆ ತೊಡುವ ಬಟ್ಟೆ ಅದು. ಕಾಲರಿನಿಂದ ಹೊರಗೆ ಇಣುಕುತ್ತಿದ್ದ ಬಫ್ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಹೆಲ್ಮೆಟ್ಟಿನ ಅಂಚಿನ ನೀರನ್ನು ಹೀರಿ ಬೆನ್ನಿಗೆ ಮುಟ್ಟಿಸಿತ್ತು. ಬೂಟಿನ ಕಥೆ ಇನ್ನೂ ಸ್ವಾರಸ್ಯ. ಪ್ಯಾಂಟಿನ ಹೊರಪದರ ಬೂಟಿನ ಮೇಲಿತ್ತು, ಸರಿ. ಒಳಗಿನ ಲೈನರ್ ಬೂಟಿನ ಒಳಗಿತ್ತು. ಹೊರಪದರ ನೆಂದು, ಎರಡೂ ಪದರದ ನಡುವೆ ಇಳಿದ ನೀರೆಲ್ಲ ನೇರ ಬೂಟಿಗೆ. ನಾನು ಚಾಪೆ ಕೆಳಗೆ ತೂರಿದರೆ ನೀರು ರಂಗೋಲಿ ಕೆಳಗೆ ತೂರಿತ್ತು. ವಾಟರ್‌ಪ್ರೂಫ್ ಬೂಟಾದ್ದರಿಂದ ಒಳಗೆ ಬಂದ ನೀರನ್ನು ಹೊರಗೂ ಬಿಡಲಿಲ್ಲ.

ಭಾವನ ರೈನ್‌ಕೋಟಿನ ಪ್ಯಾಂಟು ಸೈಲೆನ್ಸರಿಗೆ ತಾಗಿ ಅಂಗೈಯಷ್ಟು ಕರಗಿತ್ತು. ಗಾಳಿಗೆ ಪಟಪಟ ಬಡಿದು ಒಂದು ಕಂಕುಳ ಹೊಲಿಗೆ ಬಿಟ್ಟಿತ್ತು. ಆದರೂ ಮೆಶ್ ಜಾಕೆಟ್ಟಿನ ತೂಕ ಬೆಳಗಿನದಕ್ಕಿಂತ ಇನ್ನೂರು ಗ್ರಾಮಿನಷ್ಟು ಮಾತ್ರ ಹೆಚ್ಚಿತ್ತು, ಅದೂ ಹೆಚ್ಚಾಗಿ ಬೆವರು. ಗಮ್‌ಬೂಟನ್ನು ತಲೆಕೆಳಗು ಮಾಡಿ, ಒಳಗೆ ಹಳೇ ಟವೆಲ್ಲಿನಿಂದ ಒರೆಸಿದ. ಅಷ್ಟೇ, ಐದು ನಿಮಿಷ.

ನನ್ನ ಸಾಮಾನೆಲ್ಲ ಬಚ್ಚಲಮನೆಗೆ ಹೋಯಿತು. ಹಂಡೆಯ ಒಲೆ ಉರಿಯುತ್ತಿತ್ತು, ಮೇಲೆ ಬಿದಿರಿನ ಗಳ. ಜಾಕೆಟ್ಟು ಅಲ್ಲಿ, ಬೂಟಿಗೆ ಹಳೇ ಪೇಪರು ತುರುಕಿ ಒಲೆಯ ಬಾಯಿಯ ಹತ್ತಿರ. ಹತ್ತಿರ ಎಂದರೆ ತುಸು ಜಾಸ್ತಿ ಹತ್ತಿರ. ಬೆಳಿಗ್ಗೆ ನೋಡಿದರೆ ಬಲಗಾಲಿನ ಅಟ್ಟೆ ಮುಂಭಾಗದಲ್ಲಿ ಒಂದು ಇಂಚು ಬಾಯಿ ಬಿಟ್ಟಿತ್ತು. ಬೂಟಿನ ಅಂಟಿಗೆ ಮಳೆಗಿಂತ ಒಲೆಯೇ ದೊಡ್ಡ ಶತ್ರು. ಜಾಕೆಟ್ಟು ಹೊಗೆಯ ವಾಸನೆ ಹಿಡಿದು, 4 ಕಿಲೋಗೆ ಬಂದು ನಿಂತಿತ್ತು. ಇಡೀ ರಾತ್ರಿಯಲ್ಲಿ ಅರ್ಧ ಕಿಲೋ ನೀರೂ ಪೂರ್ತಿ ಬಿಟ್ಟಿರಲಿಲ್ಲ. ಹೊರಗೆ ಗಾಳಿಯೇ ನೀರಿನಿಂದ ತುಂಬಿರುವಾಗ ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ?

ನನ್ನ ಪ್ರಕಾರ ಈ ಪ್ರಕರಣದ ತಿರುಳು ಆ ಬೆಳಗಿನ ತೂಕ. ಮೊದಲ ದಿನದ ಮಳೆಯಲ್ಲಿ ಹೆಚ್ಚುಕಡಿಮೆ ಯಾವ ಗೇರೂ ಮರ್ಯಾದೆ ಉಳಿಸಿಕೊಳ್ಳುತ್ತದೆ. ಮರುದಿನ ಆರು ಗಂಟೆಗೆ, ತಣ್ಣಗಿನ ಒದ್ದೆ ತೋಳಿಗೆ ಕೈ ತೂರಿಸುವಾಗ ಅದರ ಯೋಗ್ಯತೆ ತಿಳಿಯುತ್ತದೆ. ಅಂಗಡಿಯವರು, ವಿಡಿಯೊ ಮಾಡುವವರು ಯಾರೂ ಎರಡನೇ ಬೆಳಗಿನ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಅದರ ಬೆಲೆ ಬರೀ ಚಳಿಯಲ್ಲ ಎಂದು ಅಂದೇ ಮಧ್ಯಾಹ್ನ ಗೊತ್ತಾಯಿತು. ನಗರ ಎಂಬ ಊರಿನ ಕೋಟೆ ನೋಡಿ ಬೈಕು ಹೊರಳಿಸುವಾಗ ಪಾಚಿಗಟ್ಟಿದ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿತು. ನಡೆಯುವ ವೇಗ, ಬೈಕಿಗೆ ಏನೂ ಆಗಲಿಲ್ಲ. ಬಲ ಮೊಣಕಾಲು ಕಲ್ಲಿಗೆ ಬಡಿಯಿತು. ಪ್ಯಾಂಟಿನ ಮೊಣಕಾಲಿನಲ್ಲಿದ್ದದ್ದು ಲೆವೆಲ್ 2 ಆರ್ಮರ್, ಪೆಟ್ಟು ತಡೆಯುವ ಮೆತ್ತೆ. ಯುರೋಪಿನ ಇಎನ್ 1621-1 ಪ್ರಕಾರ 50 ಜೂಲ್ ಪೆಟ್ಟು ಬಿದ್ದಾಗ ಲೆವೆಲ್ 1 ಸರಾಸರಿ 35 ಕಿಲೋನ್ಯೂಟನ್‌ವರೆಗೆ ಬಲ ಒಳಗೆ ದಾಟಿಸಬಹುದು, ಲೆವೆಲ್ 2 ಇಪ್ಪತ್ತನ್ನು ಮೀರುವಂತಿಲ್ಲ. ಕಾಗದದ ಮೇಲೆ ನನ್ನದು ಭಾವನ ಅಗ್ಗದ ಗಾರ್ಡಿಗಿಂತ ಎಷ್ಟೋ ಮೇಲು. ಆದರೆ ಅದು ಮೊಣಕಾಲಿನ ಮೇಲೆ ಇರಲಿಲ್ಲ. ನೀರು ಕುಡಿದು ಭಾರವಾದ ಪ್ಯಾಂಟು ನಾಲ್ಕು ಬೆರಳು ಕೆಳಗೆ ಜಗ್ಗಿತ್ತು. ಒಳಗಿನ ಲೈನರ್ ನುಣುಪು, ಆದ್ದರಿಂದ ಹೊರಪದರ ಅದರ ಮೇಲೆ ಸಲೀಸಾಗಿ ಪಕ್ಕಕ್ಕೆ ತಿರುಗಿತ್ತು. ಬಿದ್ದ ಪೆಟ್ಟು ಮೊಣಕಾಲ ಚಿಪ್ಪಿನ ಮೇಲಂಚಿಗೆ. ವಾರಗಟ್ಟಲೆ ನೀಲಿಗಟ್ಟಿತ್ತು. ಭಾವನ ಅಗ್ಗದ ನೀ ಗಾರ್ಡ್ ರೈನ್‌ಕೋಟಿನ ಒಳಗೆ, ಎರಡು ಪಟ್ಟಿಯ ಬಿಗಿತದಲ್ಲಿ, ಇದ್ದಲ್ಲೇ ಇತ್ತು.

"ನೋವಾಯ್ತಾ ಭಾವ?" ಎಂದ. ಬೈಕು ಎತ್ತಿದ ಮೇಲೆ ಕೇಳಿದ, ಮೊದಲಲ್ಲ.

ಹುಲಿಕಲ್ ಘಾಟಿ ಇಳಿದದ್ದೇ ಪಂದ್ಯ ತಿರುಗಿತು. ಕುಂದಾಪುರದ ಕಡೆ ಮಳೆ ಹಾಗೇ ಇತ್ತು, ಆದರೆ ಗಾಳಿ ಬೆಚ್ಚಗೆ. ಭಾವನ ರೈನ್‌ಕೋಟು ಇಡ್ಲಿ ಪಾತ್ರೆಯಾಯಿತು. ನಾಲ್ಕನೇ ದಿನ ಭಟ್ಕಳ ಮುಟ್ಟುವ ಹೊತ್ತಿಗೆ ಅವನ ಅಂಗಿ ಹಿಂಡಿದರೆ ನೀರು ಬರುತ್ತಿತ್ತು. ಉಸಿರಾಡುವ ಪೊರೆಯ ನನ್ನ ಲೈನರ್ ಇಲ್ಲಿ ಗೆಲ್ಲಬೇಕಿತ್ತು. ಸ್ವಲ್ಪ ಗೆದ್ದಿತು, ಅಂಥ ಹೇಳಿಕೊಳ್ಳುವಷ್ಟಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಒಮ್ಮೆಲೇ ಜಗ್ಗಿ ಎಳೆದಾಗ ಸಿಕ್ಕ ರಂಧ್ರಮಯ ಪೊರೆಯಿಂದ ಗೋರ್‌ಟೆಕ್ಸ್ ಬಂತು. ಹನಿ ದಾಟದು, ಆವಿ ದಾಟುತ್ತದೆ. ನನ್ನದು ಅದಲ್ಲ, ಆದರೆ ತತ್ತ್ವ ಒಂದೇ. ಆವಿ ತಾನಾಗಿ ದಾಟುವುದಿಲ್ಲ, ಒಳಗೂ ಹೊರಗೂ ಆವಿಯ ಒತ್ತಡದಲ್ಲಿ ಇರುವ ಅಂತರ ಅದನ್ನು ತಳ್ಳಬೇಕು. ಬೆವರಿದ ಮೈಯ ಹತ್ತಿರ, 34 ಡಿಗ್ರಿಯಲ್ಲಿ, ಆ ಒತ್ತಡ ಸುಮಾರು 5.3 ಕಿಲೋಪ್ಯಾಸ್ಕಲ್. ಬೆಂಗಳೂರಿನ ಚಳಿಗಾಲದ ಒಣಗಾಳಿಯಲ್ಲಿ, 20 ಡಿಗ್ರಿ, ತೇವ ಶೇ. 40 ಇದ್ದರೆ, ಹೊರಗಿನ ಒತ್ತಡ ಒಂದಕ್ಕಿಂತ ಕಡಿಮೆ. ಕರಾವಳಿಯ ಮಳೆಯಲ್ಲಿ 27 ಡಿಗ್ರಿಗೆ ಅದು 3.5 ದಾಟುತ್ತದೆ. ತಳ್ಳುವ ಬಲ ಅರ್ಧಕ್ಕಿಂತ ಕೆಳಗೆ. ಅದರ ಮೇಲೆ ನೀರು ಕುಡಿದ ದಪ್ಪ ಹೊರಪದರ ಹೊದ್ದ ಕಂಬಳಿಯ ಹಾಗೆ. ಪೊರೆಯ ಜೊತೆ ಜಗಳವಿಲ್ಲ, ಯುರೋಪಿನ ತಣ್ಣನೆಯ ಮಳೆಗೆ ಹೇಳಿಮಾಡಿಸಿದ್ದು. ಹೊನ್ನಾವರದ ಜುಲೈಗೆ ಅದರಿಂದ ಬಹಳ ನಿರೀಕ್ಷಿಸಿದ್ದು ನನ್ನದೇ ತಪ್ಪು.

ಜೋಗದಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಸದ್ದು ಕೇಳಿ ಬಂದೆವು.

ಕೊನೆಯ ದಿನ ತರೀಕೆರೆ ದಾಟಿದ ಮೇಲೆ ಮಳೆ ನಿಂತಿತು. ಕಡೂರಿನ ಬಂಕಿನಲ್ಲಿ ಭಾವ ರೈನ್‌ಕೋಟು ಬಿಚ್ಚಿ ಸೀಟಿನ ಹಿಂದೆ ಕಟ್ಟಿದ. ಅರಸೀಕೆರೆ ಬರುವಷ್ಟರಲ್ಲಿ ಅವನ ಮೆಶ್ ಜಾಕೆಟ್ಟು, ಒಳಗಿನ ಅಂಗಿ ಎರಡೂ ಗಾಳಿಗೆ ಒಣಗಿ ಗರಿಗರಿ. ನನ್ನ ಜಾಕೆಟ್ಟಿನ ಮೊಣಕೈ ಮಡಿಕೆಯಿಂದ ತಿಪಟೂರಿನಲ್ಲೂ ನೀರು ತೊಟ್ಟಿಕ್ಕುತ್ತಿತ್ತು. ಹೊರಜೇಬಿನಲ್ಲಿದ್ದ ಇನ್ನೂರರ ನೋಟು ಹಪ್ಪಳದ ಹಿಟ್ಟಾಗಿತ್ತು. ನಾಲ್ಕೂ ಕಡೆ ಟೀ ದುಡ್ಡು ಭಾವನೇ ಕೊಟ್ಟ, ಒದ್ದೆ ಬೆರಳಿಗೆ ನನ್ನ ಫೋನು ಒಲಿಯಲಿಲ್ಲ.

ಬಂದ ಮೇಲೆ ಮಾಡಿದ್ದು ಇಷ್ಟು. ಲೈನರುಗಳನ್ನು ತೆಗೆದು ಕಪಾಟಿಗೆ ಹಾಕಿದೆ, ಚಳಿಗಾಲದಲ್ಲಿ ಗಾಳಿ ತಡೆಯಲು ಆದೀತು. ಜಾಕೆಟ್ಟಿನ ಮೇಲೆ ಹಾಕುವಷ್ಟು ದೊಡ್ಡ ಅಳತೆಯ ರೈನ್‌ಕೋಟು ಕೊಂಡೆ, ಗಿಳಿಹಸಿರು ಬಣ್ಣದ್ದು, ಕಂಕುಳ ಕೆಳಗೆ ಗಾಳಿಗಿಂಡಿ ಇರುವಂಥದ್ದು. ಕಪ್ಪು ರೈನ್‌ಕೋಟು ಹಾಕಿದ ಭಾವ ಮಂಜಿನಲ್ಲಿ ಇಪ್ಪತ್ತು ಮೀಟರಿಗೇ ಮಾಯವಾಗುತ್ತಿದ್ದುದನ್ನು ಹಿಂದಿನಿಂದ ಐದು ದಿನ ನೋಡಿದ್ದೇನೆ. ಅಂಗಡಿಯಲ್ಲಿ ಅದನ್ನು ತೊಟ್ಟು ನಿಲ್ಲಲಿಲ್ಲ, ಹೊರಗೆ ನಿಲ್ಲಿಸಿದ್ದ ಬೈಕಿನ ಮೇಲೆ ಕೂತು, ಹ್ಯಾಂಡಲ್ ಹಿಡಿದು, ಕಾಲು ಮಡಚಿ ನೋಡಿದೆ. ಅಂಗಡಿಯ ಹುಡುಗ ಬಾಗಿಲಲ್ಲೇ ನಿಂತಿದ್ದ, ಹಾಗೇ ಓಡಿಹೋದರೆ ಎಂದು. ಮೊಣಕಾಲಿಗೆ ಪಟ್ಟಿ ಬಿಗಿಯುವ ಗಾರ್ಡ್. ಬೂಟಿನ ಅಟ್ಟೆಗೆ ಚಮ್ಮಾರರ ಹತ್ತಿರ ಸುತ್ತ ಹೊಲಿಗೆ ಹಾಕಿಸಿದೆ. ಹೊಲಿಗೆಯ ತೂತಿನಿಂದ ಅದೀಗ ವಾಟರ್‌ಪ್ರೂಫ್ ಅಲ್ಲ, ಆದ್ದರಿಂದ ಒಳಗೆ ಬಂದ ನೀರು ಹೊರಗೂ ಹೋಗುತ್ತದೆ.

ಪ್ಯಾಂಟಿನ ತೊಡೆಸಂದಿಗೆ ಬಿಸಿ ಇಸ್ತ್ರಿಯಿಂದ ಹೊಸ ಟೇಪು ಹಚ್ಚಿದ್ದೇನೆ. ಈ ಸಲ ಶವರ್ ಕೆಳಗೆ ಪ್ಲಾಸ್ಟಿಕ್ ಸ್ಟೂಲು ಇಟ್ಟು, ಅದರ ಮೇಲೆ ಒದ್ದೆ ಸ್ಪಂಜು ಹಾಕಿ, ನಲವತ್ತು ನಿಮಿಷ ಕೂತೆ. ಮನೆಯವಳು ವಿಡಿಯೊ ಮಾಡಲಿಲ್ಲ, ಗೀಸರ್ ಆರಿಸಿ ಹೋದಳು. ಟಿಶ್ಯೂ ಒಣಗಿತ್ತು.

ಗ್ಲೌಸಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಭಾವ ನೈಟ್ರೈಲ್ ಗ್ಲೌಸಿನ ನೂರರ ಪೆಟ್ಟಿಗೆಯೊಂದನ್ನು ಕೊರಿಯರ್ ಮಾಡಿದ್ದಾನೆ, ಮೀಡಿಯಂ ಸೈಜು. ನನ್ನದು ಲಾರ್ಜ್.